ಗೊತ್ತಿಲ್ಲದ್ದಕ್ಕೆ ಹಾಕಿದ ರೇಟು

ಮಾವ ರೇಟು ಹಾಕುವುದನ್ನು ನೋಡಿದವರಿಗೆ ಅದೇನೂ ಮಹಾ ವಿದ್ಯೆ ಅನ್ನಿಸುತ್ತಿರಲಿಲ್ಲ. ಎದುರಿಗೆ ಉದ್ದದ ರಿಜಿಸ್ಟರ್, ಕಿವಿಯ ಸಂದಿಯಲ್ಲಿ ಪೆನ್ಸಿಲ್, ಪಕ್ಕದಲ್ಲಿ ಅರ್ಧ ಕುಡಿದು ಮರೆತ ಚಾ. ಕಬ್ಬಿಣಕ್ಕೆ ಇಷ್ಟು, ಕೂಲಿಗೆ ಇಷ್ಟು, ಗ್ಯಾಸು, ವೆಲ್ಡಿಂಗ್ ರಾಡು, ಪೇಂಟು ಎಂದು ಒಂದೊಂದೇ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದರು. ಗೆರೆಯ ಕೆಳಗೆ ಇನ್ನೊಂದು ಮೊತ್ತ. ಅದರ ಎದುರು ‘ಗೊ’ ಎಂಬ ಒಂದೇ ಅಕ್ಷರ.

ಆ ಅಕ್ಷರವನ್ನು ನಾನು ಮೊದಲು ಕಂಡದ್ದು ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಮುಗಿಸಿ ವರ್ಕ್‌ಶಾಪಿಗೆ ಬಂದ ಮೊದಲ ವಾರ. ನಮ್ಮ ವರ್ಕ್‌ಶಾಪ್ ಇರುವುದು ಪಣಂಬೂರಿನ ಹತ್ತಿರ. ಕಡಲು ಕಾಯುವ ಪಡೆಯ ಗಸ್ತು ಬೋಟುಗಳನ್ನು ದಡಕ್ಕೆಳೆದು ರಿಪೇರಿ ಮಾಡಿಕೊಡುವುದು ನಮ್ಮ ಮುಖ್ಯ ಕೆಲಸ. ಸರಕಾರದ ಕೆಲಸ, ಅದರಲ್ಲೂ ರಕ್ಷಣೆಯ ಕೆಲಸ. ‘ಗೊ’ ಎಂದರೆ ಯಾರೋ ಒಬ್ಬರಿಗೆ ಒಳಗಿಂದೊಳಗೆ ಕೊಡುವ ಕಮಿಷನ್ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಎರಡು ದಿನ ಮಾವನೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ಅಮ್ಮನ ಅಣ್ಣ, ನನ್ನನ್ನು ಓದಿಸಿದವರು, ಇಂಥವರೇ ಎಂದು ಒಳಗೊಳಗೇ ಸಂಕಟ. ಮೂರನೆಯ ದಿನ ತಡೆಯಲಾಗದೆ ಕೇಳಿಬಿಟ್ಟೆ.

“ಕಮಿಷನ್ನಾ?” ಮಾವ ನಕ್ಕು ನಕ್ಕು ಕೆಮ್ಮು ಹಿಡಿಸಿಕೊಂಡರು. “‘ಗೊತ್ತಿಲ್ಲ’ ಅಂತ ಮಾರಾಯ್ತಿ! ಬೋಟಿನ ಅಡಿಯಲ್ಲಿ ಎಂತ ಉಂಟು ಅಂತ ಗೊತ್ತಿಲ್ಲ. ಬಿಚ್ಚಿದ ಮೇಲೆ ಎಷ್ಟು ಕೆಲಸ ಬರ್ತದೆ ಅಂತ ಗೊತ್ತಿಲ್ಲ. ಬಿಲ್ಲಿಗೆ ಸೈನು ಹಾಕುವ ಆಫೀಸರ್ ಹೇಗಿನವ ಅಂತ ಗೊತ್ತಿಲ್ಲ. ಇಷ್ಟೆಲ್ಲ ಗೊತ್ತಿಲ್ಲದ್ದಕ್ಕೆ ಒಂದು ರೇಟು ಬೇಡ್ವಾ?”

ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಮಾವನ ಬೈಗುಳದ ರುಚಿ ಇದರಿಂದ ಸ್ವಲ್ಪ ಕಡಿಮೆಯಾಗಿದ್ದರೆ ಓದುವವರು ಸುಧಾರಿಸಿಕೊಳ್ಳಬೇಕು.

ಕಷ್ಟ ಇರುವುದು ಎಲ್ಲಿ ಎಂದರೆ, ಬೋಟನ್ನು ಬಿಚ್ಚುವ ಮೊದಲೇ ರೇಟು ಕೊಡಬೇಕು. ಟೆಂಡರಿನಲ್ಲಿ “ತಳದ ತಗಡು ಬದಲಿಸುವುದು, ಅಂದಾಜು ಮುನ್ನೂರು ಕಿಲೋ” ಎಂದು ಇರುತ್ತದೆ. ಅಂದಾಜು ಯಾರದ್ದು? ಎರಡು ವರ್ಷ ಹಿಂದಿನ ಯಾವುದೋ ಫೈಲಿನದ್ದು. ಉಪ್ಪುನೀರಿಗೆ ಫೈಲಿನ ಪರಿಚಯ ಇಲ್ಲ. ಬಿಚ್ಚಿ ನೋಡಿದರೆ ಇನ್ನೂರು ಇರಬಹುದು, ಎರಡು ಸಾವಿರ ಇರಬಹುದು. ಹೆಚ್ಚಿನ ಕಿಲೋಗೆ ಹಣ ಕೊಡುತ್ತಾರೆ, ಸುಳ್ಳಲ್ಲ. ಆದರೆ ಅದು ನಿಜವಾಗಿ ಹೆಚ್ಚಾಗಿದೆ ಎಂದು ಆಫೀಸರ್ ಬರೆದು ಕೊಡಬೇಕು, ಮೇಲಿನವರು ಒಪ್ಪಬೇಕು, ಅಷ್ಟರಲ್ಲಿ ತಡವಾದ ದಿನಗಳಿಗೆ ನಮ್ಮ ದಂಡ ಬೆಳೆಯುತ್ತಿರಬಾರದು. ಇದೆಲ್ಲ ನಿಂತಿರುವುದು ಒಬ್ಬ ಮನುಷ್ಯನ ಮೇಲೆ. ಆ ಮನುಷ್ಯ ಮೂರು ವರ್ಷಕ್ಕೊಮ್ಮೆ ವರ್ಗವಾಗಿ ಹೋಗುತ್ತಾನೆ.

ನಾನು ಬಂದ ಹೊಸತರಲ್ಲಿ ಹುರುಪಿನಿಂದ ಮಾವನ ಹಳೆಯ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದೆ. ಅದೇ ಬೋಟು, ಅದೇ ಕೆಲಸ, ವರ್ಷ ಮಾತ್ರ ಬೇರೆ. ‘ಗೊ’ದ ಮೊತ್ತ ಒಂದು ವರ್ಷ ದೊಡ್ಡದು, ಮರುವರ್ಷ ಸಣ್ಣದು, ಮೂರನೆಯ ವರ್ಷ ಇಲ್ಲವೆನ್ನುವಷ್ಟು. ನಾಲ್ಕನೆಯ ವರ್ಷ ಮತ್ತೆ ದೊಡ್ಡದು. ಕಬ್ಬಿಣದ ಪೇಟೆಗೂ ಇದಕ್ಕೂ ತಾಳಮೇಳ ಇರಲಿಲ್ಲ. ಎಲ್ಲೋ ತಪ್ಪು ಟೈಪ್ ಮಾಡಿದೆ ಎಂದು ಎರಡು ಸಲ ಪರೀಕ್ಷಿಸಿದೆ. ಆಮೇಲೆ ಹೊಳೆಯಿತು: ಏರಿದ್ದೆಲ್ಲ ಹೊಸ ಆಫೀಸರ್ ಬಂದ ವರ್ಷ. ದೇಶ ಅದೇ, ಬೋಟು ಅದೇ, ನಾವೂ ಅದೇ. ಪರಿಚಯ ಇಲ್ಲದ್ದಕ್ಕೆ ಸರಕಾರ ಲಕ್ಷಗಟ್ಟಲೆ ಹೆಚ್ಚು ಕೊಡುತ್ತಿತ್ತು. ದೊಡ್ಡದೇನೋ ಕಂಡುಹಿಡಿದ ಹೆಮ್ಮೆಯಲ್ಲಿ ಮಾವನಿಗೆ ತೋರಿಸಿದೆ.

“ಇದಕ್ಕೆ ಕಂಪ್ಯೂಟರ್ ಬೇಕಿತ್ತಾ? ನನ್ನನ್ನು ಕೇಳಿದ್ರೆ ಹೇಳ್ತಿದ್ದೆ,” ಎಂದರು.

ಪರಿಚಯ ಎಂದರೆ ಏನು ಎನ್ನುವುದನ್ನೂ ಹೇಳಬೇಕು. ಇಲ್ಲವಾದರೆ ನನಗೆ ಬಂದ ಸಂಶಯವೇ ನಿಮಗೂ ಬರುತ್ತದೆ. ನಾನು ನೋಡಿದ ಒಬ್ಬ ಆಫೀಸರ್ ಮೂರು ವರ್ಷದಲ್ಲಿ ನಮ್ಮಲ್ಲಿ ಕುಡಿದದ್ದು ಚಾ ಮಾತ್ರ. ಮನೆಗೆ ಊಟಕ್ಕೆ ಬಂದವರಲ್ಲ. ಒಂದು ಎಳನೀರಿನ ಬೊಂಡ ಕಟ್ಟಿ ಕೊಡುತ್ತೇನೆಂದರೂ ಬೇಡವೆಂದವರು. ಆದರೆ ಮಾವ ಫೋನ್ ಮಾಡಿ, “ಸಾರ್, ಶಾಫ್ಟಿನ ಹತ್ತಿರದ ತಗಡು ಹೋಗಿದೆ,” ಎಂದರೆ ಅರ್ಧ ಗಂಟೆಯಲ್ಲಿ ಜೀಪಿನಲ್ಲಿ ಬಂದು, ಬೋಟಿನ ಅಡಿಗೆ ತೆವಳಿ, ತೂತಿಗೆ ಬೆರಳು ಹಾಕಿ ನೋಡಿ, ನಿಂತಲ್ಲೇ ಸೈನು ಮಾಡುತ್ತಿದ್ದರು. ಮಾವನ ಕಡೆಯಿಂದಲೂ ಹಾಗೇ. ಬದಲಿಸಬೇಕೆಂದು ಬರೆದಿದ್ದ ವಾಲ್ವು ಬಿಚ್ಚಿದಾಗ ಚೆನ್ನಾಗಿದ್ದರೆ ಅದನ್ನು ಬಿಲ್ಲಿನಿಂದ ತಾವೇ ಹೊಡೆದು ಹಾಕುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಮರುವರ್ಷದ ‘ಗೊ’ ಇಳಿಯುತ್ತಿದ್ದದ್ದು ಹೀಗೆ.

ಮಾವ ಇನ್ನೊಂದು ಕ್ರಮವನ್ನೂ ಇಟ್ಟುಕೊಂಡಿದ್ದರು. ತಗಡಿನ ಕಿಲೋ ರೇಟನ್ನು ಯಾವತ್ತೂ ಅಸಲಿನ ಹತ್ತಿರವೇ ಬರೆಯುವುದು. ‘ಗೊ’ ಏನಿದ್ದರೂ ಬೋಟು ದಡಕ್ಕೆಳೆಯುವ ಒಟ್ಟು ಚಾರ್ಜಿನಲ್ಲಿ ಸೇರಿಸುವುದು. ಕೆಲಸ ಹೆಚ್ಚಾದರೆ ಹೆಚ್ಚುವುದು ಕಿಲೋ. ಅದರಲ್ಲಿ ನಮಗೆ ಲಾಭ ಇಲ್ಲವೆಂದಾದರೆ, ನಾವು ಸುಮ್ಮನೆ ಒಳ್ಳೆಯ ತಗಡು ಕೊಯ್ದು ಹಾಕುವವರಲ್ಲ ಎಂದು ಆಫೀಸರಿಗೆ ಬಾಯಿಬಿಟ್ಟು ಹೇಳದೆಯೇ ತಿಳಿಯುತ್ತದೆ. “ಅದು ನಮ್ಮ ಮರ್ಯಾದೆಯ ರೇಟು,” ಎನ್ನುತ್ತಿದ್ದರು.

ಇನ್ನು ಮೇಸ್ತ್ರಿ. ನಮ್ಮಲ್ಲಿ ತಳದ ತಗಡಿನ ಕೆಲಸಕ್ಕೆ ಅವರೇ ಯಜಮಾನ. ತಲೆತಲಾಂತರದಿಂದ ಕಡಲಿಗೆ ಹೋದ ಮೊಗವೀರರ ಮನೆಯವರು. ಅಣ್ಣತಮ್ಮಂದಿರು ಈಗಲೂ ಮೀನಿಗೆ ಹೋಗುತ್ತಾರೆ. ಇವರು ಎಳೆಯ ಪ್ರಾಯದಲ್ಲೇ ಕಬ್ಬಿಣದ ಕಡೆ ತಿರುಗಿದರು. ಅವರ ಹತ್ತಿರ ಹಿಡಿ ಸವೆದ ಒಂದು ಸಣ್ಣ ಸುತ್ತಿಗೆ. ಬೋಟಿನ ಒಳಗೆ ಇಳಿದು ತಗಡನ್ನು ತಟ್ಟುತ್ತಾ ಹೋಗುತ್ತಾರೆ. ಪೇಂಟು ಬಳಿದು ಹೊಳೆಯುತ್ತಿರುವ ತಗಡು ಹಿಂಬದಿಯಲ್ಲಿ ಎಷ್ಟು ತುಕ್ಕು ಹಿಡಿದಿದೆ ಎಂದು ಸದ್ದಿನಲ್ಲೇ ಹೇಳುತ್ತಾರೆ. ಮೊದಮೊದಲು ನನಗೆ ನಂಬಿಕೆ ಇರಲಿಲ್ಲ. ತಗಡಿನ ದಪ್ಪ ಅಳೆಯುವ ಮೆಷೀನು ಬಾಡಿಗೆಗೆ ತರಿಸಿ ಅವರ ಹಿಂದೆಯೇ ಹಿಡಿದುಕೊಂಡು ಹೋದೆ. ನಾಲ್ಕು ಬೋಟುಗಳ ನಂತರ ನಾಚಿಕೆಯಾಗಿ ಬಿಟ್ಟೆ. ಅವರ ಕೈಕೆಳಗೆ ಐದು ಜನ. ಅವರು ಆರು ಮಂದಿಯೂ ಇರುವವರೆಗೆ ನಮ್ಮದು ಬೋಟಿನ ವರ್ಕ್‌ಶಾಪ್. ಅವರಿಲ್ಲದಿದ್ದರೆ ಗೇಟು ಗ್ರಿಲ್ಲು ಮಾಡುವ ಶೆಡ್ಡು.

ಮಾವನ ‘ಗೊ’ವನ್ನು ನನಗೆ ನಿಜವಾಗಿ ಅರ್ಥ ಮಾಡಿಸಿದವರೂ ಅವರೇ. ಒಂದು ಬೆಳಿಗ್ಗೆ ಮೀನು ತರಲು ಬೋಟುಗಳು ಬಂದು ನಿಲ್ಲುವ ದಕ್ಕೆಗೆ ಹೋದಾಗ ಅಲ್ಲಿ ಸಿಕ್ಕಿದರು. ತಮ್ಮನ ಬೋಟು ಬಂದಿತ್ತು, ಬಂಗುಡೆಯ ಏಲಂ ನಡೆಯುತ್ತಿತ್ತು. ಬುಟ್ಟಿಯ ಮೇಲೆ ಕಾಣುವುದು ಒಳ್ಳೆಯ ಮೀನು, ಅಡಿಯಲ್ಲಿ ಏನಿದೆ ಎಂದು ಮಗುಚಿದ ಮೇಲೆಯೇ ಗೊತ್ತಾಗುವುದು.

“ನಮ್ಮ ಖಾಯಂ ಗಿರಾಕಿ ಜೋರಾಗಿ ಕೂಗ್ತಾನೆ ನೋಡಿ ಅಕ್ಕ,” ಎಂದರು ಮೇಸ್ತ್ರಿ. “ಅಡಿಯಲ್ಲಿ ಸಣ್ಣ ಮೀನು ಬಂದ್ರೆ ತಮ್ಮ ಸ್ವಲ್ಪ ಕಡಿಮೆ ಮಾಡಿ ಕೊಡ್ತಾನೆ ಅಂತ ಅವನಿಗೆ ಧೈರ್ಯ. ಆಚೆ ನಿಂತವ ಹೊಸಬ, ಬೇರೆ ಊರಿಂದ ಲಾರಿ ತಂದಿದ್ದಾನೆ. ಅವನಿಗೆ ಯಾರು ಕಡಿಮೆ ಮಾಡ್ತಾರೆ? ಹಾಗೆ ಅವ ಮೊದಲೇ ಕಮ್ಮಿ ಕೂಗುವುದು.”

“ಹಾಗಾದ್ರೆ ಹೊಸಬನಿಗೆ ಮೀನು ಸಿಗುವುದೇ ಇಲ್ವಲ್ಲ?”

“ಸಿಗ್ತದೆ. ನಾಲ್ಕು ಸಲ ಮೋಸ ಹೋಗ್ಬೇಕು. ಮತ್ತೆ ಅವನೂ ಹಳಬನೇ.”

ಆ ಮಾತಿನಲ್ಲಿ ಒಂದು ಅನ್ಯಾಯ ಇದೆ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಒಳಗಿನವರಿಗೆ ಪರಿಚಯ ಎಂಬುದು ಸಹಾಯ, ಹೊರಗಿನವರಿಗೆ ಅದೇ ಬಾಗಿಲು. ಪರಿಚಯದ ಹೆಸರಿನಲ್ಲಿ ಎಲ್ಲೆಲ್ಲಿ ಏನೇನು ನುಂಗಿದ್ದಾರೆಂದು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಟೆಂಡರಿಗೆ ಅಷ್ಟೊಂದು ನಿಯಮ ಬಂದದ್ದು ಸುಮ್ಮನೆ ಅಲ್ಲ. ನಾವು ಕಳ್ಳರಲ್ಲ ಎಂದು ನಮಗೆ ಗೊತ್ತು, ನಿಯಮ ಬರೆಯುವವನಿಗೆ ಅದು ಹೇಗೆ ಗೊತ್ತಾಗಬೇಕು?

ಇಷ್ಟೆಲ್ಲ ನ್ಯಾಯವಾಗಿ ಯೋಚಿಸಬಲ್ಲ ನಾನು, ನನ್ನ ಸರದಿ ಬಂದಾಗ ಏನು ಮಾಡಿದೆ ಎಂಬುದೇ ಇಲ್ಲಿಯ ಕಥೆ.

ಮಾವನಿಗೆ ಮೊಣಕಾಲು ನೋವು ಜೋರಾಗಿ ರೇಟು ಹಾಕುವ ಕೆಲಸ ನನ್ನ ಕೈಗೆ ಬಂತು. ಅದೇ ಮಳೆಗಾಲದಲ್ಲಿ ಹೊಸ ಆಫೀಸರ್ ಬಂದರು. ಉತ್ತರದ ಕಡೆಯವರು, ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ನಾನು ಮೊದಲ ಸಲ ಭೇಟಿಗೆ ಹೋದಾಗ ಬಾಗಿಲು ಪೂರ್ತಿ ತೆರೆದಿಟ್ಟು, ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡೇ ಮಾತಾಡಿದರು. ವರ್ಕ್‌ಶಾಪ್ ನೋಡಲು ಬಂದವರು ಚಾ ಮುಟ್ಟಲಿಲ್ಲ, ತಮ್ಮದೇ ನೀರಿನ ಬಾಟಲಿ ತಂದಿದ್ದರು. ಫೋನ್ ಮಾಡಿದರೆ ಹಿಂದಿಯಲ್ಲಿ ಒಂದೇ ಮಾತು: “ಮೇಡಂ, ಹೇಳುವುದಿದ್ದರೆ ಟೆಂಡರಿನ ಪೋರ್ಟಲ್ಲಿನಲ್ಲಿ ಬರೆದು ಕೇಳಿ.” ನನಗೆ ಉರಿಯಿತು. ಇಷ್ಟು ವರ್ಷ ಕೆಲಸ ಮಾಡಿದವರನ್ನು ಪಾಕೆಟ್ ಹೊಡೆಯುವವರ ಹಾಗೆ ನೋಡುವುದೆಂದರೆ ಏನರ್ಥ? ಉರ್ವದ ಮನೆಗೆ ಹೋಗುವವರೆಗೂ ಸ್ಕೂಟರಿನಲ್ಲಿ ಒಬ್ಬಳೇ ಬೈದುಕೊಂಡೆ.

ಆ ವರ್ಷ ಕೆಲಸ ಕಡಿಮೆಯಾಗಿತ್ತು. ಎರಡು ಟೆಂಡರ್ ಕೈತಪ್ಪಿದ್ದವು. ಮುಂದಿನ ಮಳೆಗಾಲದ ಮೊದಲು ಉಳಿದದ್ದು ಒಂದೇ ಒಂದು ದೊಡ್ಡ ಗಸ್ತು ಬೋಟಿನ ಕೆಲಸ. ಅದು ಸಿಕ್ಕಿದರೆ ಮೇಸ್ತ್ರಿಯ ಗುಂಪು ನಮ್ಮಲ್ಲಿ ಉಳಿಯುತ್ತದೆ, ಸಿಗದಿದ್ದರೆ ಅವರನ್ನು ಕೂರಿಸಿ ಸಂಬಳ ಕೊಡುವ ಶಕ್ತಿ ನಮಗಿಲ್ಲ. ಮಾವನಿಗೂ ಗೊತ್ತು, ಮೇಸ್ತ್ರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ಟೆಂಡರಿನ ಮೊದಲು ಎಲ್ಲ ಕಂಪನಿಯವರನ್ನೂ ಒಟ್ಟಿಗೆ ಕರೆದು ಬೋಟು ತೋರಿಸುವ ಕ್ರಮ ಇದೆ. ಬೋಟು ನೀರಿನಲ್ಲೇ ಇರುತ್ತದೆ, ಒಳಗಿನಿಂದ ಎಷ್ಟು ಕಾಣುತ್ತದೋ ಅಷ್ಟು. ಉಳಿದವರು ಮೇಲೆ ನಿಂತು ಫೋಟೋ ತೆಗೆಯುತ್ತಿದ್ದಾಗ ಮೇಸ್ತ್ರಿ ಇಂಜಿನ್ ರೂಮಿನ ಅಡಿಗೆ ಇಳಿದರು. ಡೀಸೆಲ್ ಟ್ಯಾಂಕಿನ ಕೆಳಗಿನ ಇಕ್ಕಟ್ಟಿನಲ್ಲಿ ಕೈ ಹೋಗುವಷ್ಟು ಒಳಗೆ ತಟ್ಟಿದರು. ಎದ್ದು ಬಂದಾಗ ಅಂಗಿಯೆಲ್ಲ ಎಣ್ಣೆ. ಮುಖದಲ್ಲಿ ಏನೂ ತೋರಿಸಲಿಲ್ಲ. ಗೇಟು ದಾಟಿ, ಹೆದ್ದಾರಿಯ ಬದಿಯ ಹೋಟೆಲಿನಲ್ಲಿ ಗೋಳಿಬಜೆ ಬಂದ ಮೇಲೆ ಬಾಯಿ ತೆರೆದರು.

“ಟ್ಯಾಂಕಿನ ಅಡಿಯಲ್ಲಿ ಎಲ್ಲ ಹೋಗಿದೆ ಅಕ್ಕ. ಮುನ್ನೂರು ಕಿಲೋ ಅಲ್ಲ, ಸಾವಿರದೈನೂರು ಬೇಕು.”

ಬೇರೆ ಯಾರಿಗೂ ಗೊತ್ತಿಲ್ಲದ್ದು ನಮಗೆ ಗೊತ್ತಾಗಿತ್ತು.

ಮರುದಿನ ಮಾವನ ಮೇಜಿನ ಸುತ್ತ ಮೂವರೂ ಕೂತೆವು. ಮೇಸ್ತ್ರಿಯದ್ದು ಒಂದೇ ಮಾತು, “ಬರೆದು ಕೇಳಿ. ಟ್ಯಾಂಕಿನ ಅಡಿ ಸರಿ ಇಲ್ಲ, ಅಂದಾಜು ತಿದ್ದಿ ಅಂತ ಬರೀರಿ. ಆಫೀಸರಿಗೆ ಗೊತ್ತಾಗ್ಲಿ.”

“ಪೋರ್ಟಲ್ಲಿನಲ್ಲಿ ಬರೆದ್ರೆ ಎಲ್ಲ ಕಂಪನಿಗೂ ಕಾಣ್ತದೆ ಮೇಸ್ತ್ರಿ. ನಿಮ್ಮ ಕೈಯ ವಿದ್ಯೆಯನ್ನು ನಾನು ಊರಿಗೆಲ್ಲ ಹಂಚುವುದಾ?”

“ನನ್ನ ಕೈ ಸವೆಯುವುದಿಲ್ಲ. ಕಡಲಲ್ಲಿ ಇಂಜಿನ್ ಕೆಟ್ಟು ನಿಂತ ನಮ್ಮವರ ಬೋಟು ಎಳ್ಕೊಂಡು ಬರುವುದು ಇದೇ ಗಸ್ತು ಬೋಟು. ಅದರ ಅಡಿಯೇ ಹೀಗಾದ್ರೆ ಎಂತ ಮಾಡುವುದು?”

ನಾನು ಮಾವನ ಮುಖ ನೋಡಿದೆ. “ಮೊದಲಿನ ಆಫೀಸರ್ ಆಗಿದ್ರೆ ಒಂದು ಫೋನಲ್ಲಿ ಮುಗೀತಿತ್ತು,” ಎಂದರು ಮಾವ. “ಈ ಜನ ಹೇಗೋ ಎಂತದೋ. ರೇಟು ಹಾಕುವವಳು ನೀನು. ನೀನೇ ಹೇಳು.”

ನಾನು ಬರೆಯುವುದು ಬೇಡ ಎಂದೆ. ಗುಟ್ಟು ಬಿಟ್ಟುಕೊಡಬಾರದು ಎನ್ನುವುದು ಬಾಯಿಗೆ ಬಂದ ಕಾರಣ. ಮನಸ್ಸಿನಲ್ಲಿ ಇದ್ದದ್ದು ಆ ತೆರೆದ ಬಾಗಿಲು, ಆ ನೀರಿನ ಬಾಟಲಿ. ಹೆಚ್ಚಿನ ಸಾವಿರದ ಇನ್ನೂರು ಕಿಲೋವನ್ನು ಈ ಮನುಷ್ಯ ಒಪ್ಪುವುದಿಲ್ಲ, ಒಪ್ಪಿದರೂ ಆರು ತಿಂಗಳು ಎಳೆಯುತ್ತಾನೆ, ತಡವಾದ ಪ್ರತಿ ದಿನಕ್ಕೂ ದಂಡ ಹಾಕುತ್ತಾನೆ ಎಂದು ಲೆಕ್ಕ ಹಾಕಿದೆ. ಬೋಟು ಎಳೆಯುವ ಚಾರ್ಜಿಗೆ ಮೂರು ಲಕ್ಷ ಸೇರಿಸಿದೆ. ಕಿಲೋ ರೇಟನ್ನು ಮಾತ್ರ ಮಾವನ ಕ್ರಮದ ಹಾಗೆಯೇ ಅಸಲಿನ ಹತ್ತಿರ ಬಿಟ್ಟೆ. ಯಾಕೆ ಬಿಟ್ಟೆ ಎಂದರೆ ಹೇಳಲು ಕಾರಣ ಇಲ್ಲ. ನಮ್ಮಲ್ಲಿ ಅದು ಹಾಗೇ.

ಟೆಂಡರ್ ತೆರೆದ ದಿನ ಎಲ್ಲರ ರೇಟೂ ಸ್ಕ್ರೀನಿನಲ್ಲಿ ಬಂತು. ಕೇರಳದ ಒಂದು ಕಂಪನಿ ಮೊದಲು, ನಾವು ಎರಡನೆಯದು. ನಡುವೆ ಒಂದು ಲಕ್ಷ ನಲವತ್ತು ಸಾವಿರ. ನನಗೆ ಅಳು ಬಂತು. ಅಳುವ ಬದಲು ಪ್ರಿಂಟರಿಗೆ ಬೈದೆ, ಫ್ಯಾನಿಗೆ ಬೈದೆ, ಚಾ ತಂದವರಿಗೂ ಬೈದೆ.

ವಾರ ಕಳೆಯುವುದರೊಳಗೆ ಮೇಸ್ತ್ರಿ ಮಾವನೆದುರು ಬಂದು ನಿಂತರು. ಕೂರಿ ಎಂದರೂ ಕೂರಲಿಲ್ಲ. “ಧಣಿ, ಆ ಕೇರಳದವರು ಕೇಳ್ತಿದ್ದಾರೆ. ಆರು ಜನಕ್ಕೂ ಕೆಲಸ ಉಂಟಂತೆ.”

ಮಾವ ಮೇಜಿನ ಮೇಲಿನ ಪೆನ್ಸಿಲನ್ನು ಒಮ್ಮೆ ಉರುಳಿಸಿದರು. “ಹೋಗಿ. ನಿಮ್ಮನ್ನು ನಿಲ್ಲಿಸಿಕೊಳ್ಳುವ ಬಾಯಿ ನನಗೆ ಈಗ ಇಲ್ಲ,” ಎಂದರು. ಮೇಸ್ತ್ರಿ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿ ಹೊರಟರು. ಹನ್ನೆರಡು ವರ್ಷದಿಂದ ನಾನು ಅವರ ಜೊತೆ ಜಗಳ ಮಾಡದ ವಾರ ಇಲ್ಲ. ಆ ದಿನ ಮಾತ್ರ ಗೇಟಿನವರೆಗೆ ಹೋಗಿ ಕಳಿಸಿ ಬಂದೆ.

ಜಗಳ ಆದದ್ದು ಆಮೇಲೆ. ಕೆಲಸ ಶುರುವಾದ ಮೊದಲ ದಿನವೇ ಮೇಸ್ತ್ರಿ ಟ್ಯಾಂಕಿನ ಅಡಿಯ ವಿಷಯವನ್ನು ಕೇರಳದವರಿಗೆ ಹೇಳಿ, ಎಲ್ಲಿ ಕೊಯ್ಯಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟರು ಎಂದು ಗೊತ್ತಾಯಿತು. ಸ್ಕೂಟರ್ ತೆಗೆದು ನೇರ ನದಿಯ ದಡಕ್ಕೆ, ಕೇರಳದವರು ಬೋಟು ಎಳೆದು ನಿಲ್ಲಿಸಿದ ಜಾಗಕ್ಕೆ ಹೋದೆ.

“ನಮಗೆ ಅಂತ ನೋಡಿದ್ದನ್ನು ಅವರಿಗೆ ಹೇಳಿ ಕೊಡ್ಲಿಕ್ಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು ಮೇಸ್ತ್ರಿ?”

ಅವರಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ. “ಟೆಂಡರ್ ಮುಗೀತಲ್ಲ ಅಕ್ಕ. ಏಲಂ ಆದ ಮೇಲೆ ಬುಟ್ಟಿ ಮಗುಚಲೇಬೇಕು. ಮತ್ತೆ ಮುಚ್ಚಿಟ್ಟು ಎಂತ ಮಾಡುವುದು?” ಎಂದರು. ಬೆವರು ಒರೆಸಿಕೊಂಡು, “ಊಟ ಆಯ್ತಾ?” ಎಂದೂ ಕೇಳಿದರು. ನಾನು ಉತ್ತರ ಕೊಡದೆ ಬಂದುಬಿಟ್ಟೆ. ಅದು ನನ್ನ ಸಣ್ಣತನ.

ಹದಿನೈದು ದಿನದ ಮೇಲೆ ಒಂದು ಪಂಪಿನ ರಿಪೇರಿ ಮುಗಿಸಿ ಕಾಗದಕ್ಕೆ ಸಹಿ ಹಾಕಿಸಲು ಆಫೀಸರ ಬಳಿ ಹೋದೆ. ಬಾಗಿಲು ತೆರೆದೇ ಇತ್ತು. ಪಕ್ಕದಲ್ಲಿ ಇನ್ನೊಬ್ಬರು ಕೂತೇ ಇದ್ದರು. ಸಹಿ ಹಾಕಿ ಪೆನ್ನು ಮುಚ್ಚಿ ಅವರು ಹಿಂದಿಯಲ್ಲಿ ಕೇಳಿದರು, “ಮೇಡಂ, ಆ ಬೋಟಿನ ಟ್ಯಾಂಕಿನ ಅಡಿ ಹಾಳಾಗಿದೆ ಎಂದು ನಿಮಗೆ ಮೊದಲೇ ಗೊತ್ತಿತ್ತಂತೆ, ನಿಜವೇ?”

ಸುಳ್ಳು ಹೇಳುವ ಅಂದಾಜು ಮಾಡಿ, ಆಗದೆ, ಹೌದೆಂದೆ.

“ಮತ್ತೆ ಬರೆದು ಕೇಳಲಿಲ್ಲ ಯಾಕೆ? ಕೇಳಿದ್ದರೆ ಟ್ಯಾಂಕ್ ಬಿಚ್ಚಿಸಿ ನೋಡಿ ಅಂದಾಜನ್ನು ಸಾವಿರದೈನೂರು ಮಾಡುತ್ತಿದ್ದೆ. ಎಲ್ಲರಿಗಿಂತ ನಿಮ್ಮ ಕಿಲೋ ರೇಟು ಕಡಿಮೆ. ಕೆಲಸ ನಿಮಗೇ ಬರುತ್ತಿತ್ತು.”

ಅವರು ಸಿಟ್ಟಿನಲ್ಲಿ ಇರಲಿಲ್ಲ, ಅದೇ ಕಷ್ಟವಾದದ್ದು. “ನಾನು ಇಲ್ಲಿಗೆ ಬಂದಾಗಿನಿಂದ ನನ್ನ ಹತ್ತಿರ ಎಲ್ಲರೂ ರೇಟಿನ ಬಗ್ಗೆ ಮಾತಾಡಿದ್ದಾರೆ. ಬೋಟಿನ ಬಗ್ಗೆ ಯಾರೂ ಒಂದು ಮಾತು ಹೇಳಲಿಲ್ಲ. ಬಾಗಿಲು ತೆರೆದಿಡುವುದು ನಿಮ್ಮನ್ನು ನಂಬದೆ ಅಲ್ಲ ಮೇಡಂ. ನಾಳೆ ನಿಮ್ಮದೇ ಹೆಚ್ಚಿನ ಕೆಲಸಕ್ಕೆ ನಾನು ಸಹಿ ಹಾಕಿದಾಗ ಯಾರೂ ನನ್ನನ್ನು ಪ್ರಶ್ನೆ ಕೇಳದ ಹಾಗೆ.”

ವರ್ಕ್‌ಶಾಪಿಗೆ ಬಂದು ಲೆಕ್ಕ ಮಾಡಿದೆ. ಕೇರಳದವರ ಕಿಲೋ ರೇಟು ನಮ್ಮದಕ್ಕಿಂತ ನೂರನಲವತ್ತು ರೂಪಾಯಿ ಹೆಚ್ಚು. ಸಾವಿರದ ಇನ್ನೂರು ಕಿಲೋಗೆ ಒಂದು ಲಕ್ಷ ಅರವತ್ತೆಂಟು ಸಾವಿರ. ಅಂದಾಜು ತಿದ್ದಿದ್ದರೆ, ನಾನು ಭಯದಲ್ಲಿ ಸೇರಿಸಿದ ಮೂರು ಲಕ್ಷವೂ ಒಳಗಿದ್ದೇ, ಇಪ್ಪತ್ತೆಂಟು ಸಾವಿರದಲ್ಲಿ ನಾವು ಗೆಲ್ಲುತ್ತಿದ್ದೆವು. ಆ ಮೂರು ಲಕ್ಷ ಸೇರಿಸದಿದ್ದರೆ ಸುಮ್ಮನೆ ಕೂತು ಗೆಲ್ಲುತ್ತಿದ್ದೆವು. ಬೋಟಿನ ಅಡಿಯಲ್ಲಿ ಏನಿದೆ ಎಂದು ನನಗೆ ಪೂರ್ತಿ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಒಬ್ಬ ಮನುಷ್ಯ. ಅವನನ್ನು ಗೊತ್ತು ಮಾಡಿಕೊಳ್ಳಲು ನಾಲ್ಕು ಸಾಲು ಬರೆದರೆ ಸಾಕಿತ್ತು. ಅದನ್ನು ಬಿಟ್ಟು ನಾನು ಅವನಿಗೆ ರೇಟು ಹಾಕಿದೆ.

ಮಾವನಿಗೆ ಹೇಳಿದಾಗ ಅವರು ನನ್ನನ್ನು ಬೈಯಲಿಲ್ಲ. “ಮೇಸ್ತ್ರಿ ಹೇಳುವ ಹಾಗೆ, ಈ ಹೊಸಬ ನಾಲ್ಕು ಸಲ ನಮ್ಮಿಂದ ಮೋಸ ಹೋಗ್ಲಿ ಅಂತ ನಾವು ಕಾಯ್ತಾ ಇದ್ದೆವು, ಅಲ್ವಾ?” ಎಂದರು. ಮತ್ತೆ, “ಆ ಮನುಷ್ಯ ಒಳ್ಳೆಯವ ಮಾರಾಯ್ತಿ,” ಎಂದರು. ಬೈದಿದ್ದರೆ ವಾಸಿಯಿತ್ತು.

ಆಮೇಲೆ ನಾನು ಪ್ರತಿ ಟೆಂಡರಿಗೂ ಬರೆದು ಕೇಳಲು ಶುರು ಮಾಡಿದೆ. ಆಫೀಸರು ಪ್ರತಿಯೊಂದಕ್ಕೂ ಉತ್ತರ ಕೊಟ್ಟರು. ಕೆಲವಕ್ಕೆ ತಾವೇ ಬಂದು ನೋಡಿ ಅಂದಾಜು ತಿದ್ದಿದರು. ಚಾ ಮಾತ್ರ ಇವತ್ತಿಗೂ ಮುಟ್ಟಿಲ್ಲ. ಎರಡು ಸಣ್ಣ ಕೆಲಸ ನಮಗೆ ಬಂದವು, ಎರಡರಲ್ಲೂ ನನ್ನ ರೇಟು ಇಳಿದಿತ್ತು. ಹೊಸ ವೆಲ್ಡರುಗಳನ್ನು ತಂದೆವು. ಒಳ್ಳೆಯ ಕೆಲಸಗಾರರೇ. ತಗಡು ತೋರಿಸಿದರೆ ಕೊಯ್ಯುತ್ತಾರೆ, ಹಾಕಿ ಬೆಸೆಯುತ್ತಾರೆ. ಯಾವ ತಗಡು ಎಂದು ಹೇಳುವವರು ಅವರಲ್ಲಿ ಇಲ್ಲ. ಕೇರಳದವರು ಇಲ್ಲೇ ಒಂದು ಶೆಡ್ಡು ಹಿಡಿದು ಮೇಸ್ತ್ರಿಯ ಗುಂಪನ್ನು ಖಾಯಂ ಮಾಡಿಕೊಂಡರು. ಸಂಬಳ ನಾವು ಕೊಡುತ್ತಿದ್ದದ್ದಕ್ಕಿಂತ ಹೆಚ್ಚು. ಅದರಲ್ಲಿ ತಪ್ಪು ಹುಡುಕಲು ನಾನು ಬಹಳ ಪ್ರಯತ್ನ ಪಟ್ಟೆ, ಸಿಗಲಿಲ್ಲ.

ಮರುವರ್ಷ ಇನ್ನೊಂದು ದೊಡ್ಡ ಬೋಟಿನ ಟೆಂಡರ್ ಬಂತು. ನೋಡಲು ಕರೆದ ದಿನ ನಾನು ದಪ್ಪ ಅಳೆಯುವ ಮೆಷೀನು ಬಾಡಿಗೆಗೆ ತಂದು ಇಂಜಿನ್ ರೂಮಿಗೆ ಇಳಿದೆ. ಅದು ಒಳ್ಳೆಯ ಮೆಷೀನು, ಹಿಡಿದಲ್ಲಿ ಸರಿಯಾದ ಲೆಕ್ಕ ತೋರಿಸುತ್ತದೆ. ಎಲ್ಲಿ ಹಿಡಿಯಬೇಕೆಂದು ಅದಕ್ಕೆ ಗೊತ್ತಿಲ್ಲ. ಹನ್ನೊಂದು ಕಡೆ ಹಿಡಿದೆ, ಹನ್ನೊಂದರಲ್ಲೂ ತಗಡು ಚೆನ್ನಾಗಿದೆ ಎಂದಿತು. ಇಷ್ಟು ಹಳೆಯ ಬೋಟಿನಲ್ಲಿ ಅದು ಸಾಧ್ಯವೇ ಇಲ್ಲ.

ಆಚೆ ಬದಿಯಲ್ಲಿ ಮೇಸ್ತ್ರಿ ಇದ್ದರು. ಕೇರಳದ ಕಂಪನಿಯ ಹಳದಿ ಹೆಲ್ಮೆಟ್ಟು ಅವರ ತಲೆಗೆ ದೊಡ್ಡದಾಗಿ ಕಿವಿಯವರೆಗೆ ಇಳಿದಿತ್ತು. ಪೈಪುಗಳ ಹಿಂದೆ ಕತ್ತಲಲ್ಲಿ ಬಗ್ಗಿ ತಟ್ಟುತ್ತಿದ್ದರು. ಎಷ್ಟೋ ವರ್ಷ ಕೇಳಿದ ಸದ್ದು. ಒಂದು ಕಡೆ ಅದು ನಿಂತಿತು. ಮತ್ತೆ ಅಲ್ಲೇ ಮೂರು ಸಲ, ಮೆಲ್ಲಗೆ. ಏನೋ ಸಿಕ್ಕಿದೆ ಎಂದು ನನಗೆ ಗೊತ್ತಾಯಿತು. ಎಲ್ಲಿ ಎಂದು ನಾನಿದ್ದಲ್ಲಿಂದ ಕಾಣುತ್ತಿರಲಿಲ್ಲ.

ಅವರು ಹಿಂದಕ್ಕೆ ಸರಿದು ಬಂದಾಗ ಎದುರಿಗೆ ನಾನು. ಬೇರೆ ಯಾರೂ ಇರಲಿಲ್ಲ. ಊಟದ ವಿಷಯ ಕೇಳಿದರು, ಮಾವನ ಮೊಣಕಾಲು ಹೇಗಿದೆ ಎಂದು ಕೇಳಿದರು. ನಾನು ಎಲ್ಲದಕ್ಕೂ ಉತ್ತರ ಹೇಳಿದೆ. ಹೇಳುತ್ತಾ ನನ್ನ ಕಣ್ಣು ಆ ಪೈಪುಗಳ ಕಡೆಗೇ ಹೋಗುತ್ತಿತ್ತು. ಅವರು ಅದನ್ನು ನೋಡಿದರು.

“ಈಗ ಕೇಳ್ಬೇಡಿ ಅಕ್ಕ,” ಎಂದರು ಮೆಲ್ಲಗೆ. “ನಾನೀಗ ಅವರ ಜನ.”

ನಾನು ಏನನ್ನೂ ಕೇಳಿರಲಿಲ್ಲ. ಕೇಳುವುದಿಲ್ಲ ಎಂದು ತಲೆಯಾಡಿಸಿ ಮೆಷೀನನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದೆ. ಅವರು ನನ್ನ ಕೈಯಿಂದ ಮೆಷೀನಿನ ಭಾರದ ಪೆಟ್ಟಿಗೆಯನ್ನು ತೆಗೆದುಕೊಂಡು ಏಣಿ ಹತ್ತಿ, ಮೇಲೆ ನನಗಾಗಿ ಇಟ್ಟು, ತಮ್ಮವರ ಹತ್ತಿರ ಹೋಗಿ ನಿಂತರು.